ಡೆಬಿಯನ್ 13 ಬಂತು, ಇಲ್ಲಿ ಕರೆಂಟ್ ಇಲ್ಲ. ಅಪ್‌ಗ್ರೇಡ್ ಯಾವಾಗ ಮಾಡಬೇಕು?

ಲ್ಯಾಬ್ ಟೀಚರ್ (ಸೋಮವಾರಪೇಟೆ) · 2025 ಆಗಸ್ಟ್ 10

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದೂ ನಾನೇ. ಹನ್ನೊಂದು ಕಂಪ್ಯೂಟರ್ ಇವೆ. ಎಲ್ಲದರಲ್ಲೂ ಡೆಬಿಯನ್ 12 ಇದೆ, ಸುಮ್ನೆ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ನಾನು ಮತ್ತು ನಮ್ಮ ಒಬ್ಬ ಹಳೇ ವಿದ್ಯಾರ್ಥಿ ಎರಡು ಭಾನುವಾರ ಕೂತು ಹಾಕಿದ್ದು.

ನಿನ್ನೆ ಡೆಬಿಯನ್ 13 ಬಿಡುಗಡೆಯಾಗಿದೆ. ಟ್ರಿಕ್ಸಿ ಅಂತ ಹೆಸರು. ಘೋಷಣೆಯನ್ನು ಫೋನಿನಲ್ಲೇ ಓದಿದೆ. 2 ವರ್ಷ, 1 ತಿಂಗಳು, 30 ದಿನದ ಕೆಲಸವಂತೆ. ಒಟ್ಟು 69,830 ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟುಗಳು. ಅದರಲ್ಲಿ 14,100ಕ್ಕೂ ಜಾಸ್ತಿ ಹೊಸವು. ಓದಿ ನಿಜಕ್ಕೂ ಖುಷಿಯಾಯಿತು. ಇಷ್ಟೆಲ್ಲ ಜನ ಸೇರಿ ಮಾಡಿ ನಮಗೆ ಸುಮ್ನೆ ಕೊಡುತ್ತಾರಲ್ಲ ಅಂತ.

ಆದರೆ ಇಲ್ಲಿ ಶುಕ್ರವಾರದಿಂದ ಕರೆಂಟ್ ಇಲ್ಲ. ಲೈನ್ ಮೇಲೆ ಮರ ಬಿದ್ದಿದೆ. ಶಾಲೆಯ ಯುಪಿಎಸ್ ಬ್ಯಾಟರಿ ಇಪ್ಪತ್ತು ನಿಮಿಷವೂ ತಡೆಯುವುದಿಲ್ಲ. ಪರಿಚಯದ ಒಬ್ಬರು ಫೋನ್ ಮಾಡಿ, ಹೊಸದು ಬಂದ ಮೇಲೆ ಹಳೆಯದು ಸೇಫ್ ಅಲ್ಲ, ಈ ವಾರವೇ ಮಾಡಿಬಿಡಿ ಎಂದರು. ಅದು ನಿಜವಾ? ಇನ್ನೊಂದು ವಿಷಯ. ಹನ್ನೊಂದರಲ್ಲಿ ಮೂರು ಕಂಪ್ಯೂಟರಿಗೆ 32 ಬಿಟ್ ಡೆಬಿಯನ್ (ಹಳೇ ಪ್ರೊಸೆಸರ್‌ಗಳಿಗೆ ಇರುವಂಥದ್ದು) ಹಾಕಿದ್ದೇವೆ. 13ರಲ್ಲಿ ಅದು ಇಲ್ಲ ಎಂದು ಓದಿದೆ. ಆ ಮೂರರ ಗತಿ ಏನು?

ದಯವಿಟ್ಟು ತಿಳಿದವರು ಹೇಳಿ.

ರಿಪೇರಿ ಅಂಗಡಿ (ಮಡಿಕೇರಿ) · ಆಗಸ್ಟ್ 10

ಟೀಚರ್, ಈ ವಾರ ಮುಟ್ಟಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಹೊಸದು ಬಂದ ತಕ್ಷಣ ಹಳೆಯದು ಸೇಫ್ ಅಲ್ಲ ಎನ್ನುವುದು ತಪ್ಪು. ಡೆಬಿಯನ್ 12ಕ್ಕೆ 2026ರ ಜೂನ್‌ವರೆಗೆ ಪೂರ್ತಿ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಆಮೇಲೆ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ) ತಂಡ 2028ರ ಜೂನ್‌ವರೆಗೆ ನೋಡಿಕೊಳ್ಳುತ್ತದೆ. ನಿಮಗೆ ಹತ್ತು ತಿಂಗಳು ಆರಾಮಾಗಿ ಇದೆ.

ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ. ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಇದನ್ನು ಒಂದೇ ಅಂದುಕೊಂಡಿರುತ್ತಾರೆ. ಅಪ್‌ಡೇಟ್ ಅಂದರೆ 12ರ ಒಳಗೇ ತೂತು ಮುಚ್ಚುವ ಕೆಲಸ. ಅದನ್ನು ತಡ ಮಾಡಬಾರದು. ಕರೆಂಟ್ ಬಂದ ದಿನವೇ ಮಾಡಿ. ಅಪ್‌ಗ್ರೇಡ್ ಅಂದರೆ 12 ಬಿಟ್ಟು 13ಕ್ಕೆ ಹೋಗುವುದು. ಅದಕ್ಕೆ ದಿನ ನೋಡಿಕೊಳ್ಳಬಹುದು.

ಕಾರಣ ಹೇಳುತ್ತೇನೆ. ಎರಡು ವರ್ಷದ ಹಿಂದೆ ಜುಲೈನಲ್ಲಿ ಒಬ್ಬರ ಆಫೀಸಿನ ಕಂಪ್ಯೂಟರನ್ನು ಅಪ್‌ಗ್ರೇಡ್‌ಗೆ ಹಾಕಿ ಊಟಕ್ಕೆ ಹೋಗಿದ್ದೆ. ತಪ್ಪು ನನ್ನದೇ. ಮಧ್ಯದಲ್ಲಿ ಕರೆಂಟ್ ಹೋಯಿತು. ಅರ್ಧ ಪ್ಯಾಕೇಜ್ ಹೊಸದು, ಅರ್ಧ ಹಳೆಯದು. ಆನ್ ಮಾಡಿದರೆ ಕಪ್ಪು ಪರದೆ. ಅದೃಷ್ಟಕ್ಕೆ ಹಳೇ ಕರ್ನಲ್ (ಸಿಸ್ಟಂನ ತಿರುಳು) ಇನ್ನೂ ಗ್ರಬ್ ಮೆನುವಿನಲ್ಲಿ, ಅಂದರೆ ಆನ್ ಮಾಡಿದಾಗ ಬರುವ ಪಟ್ಟಿಯಲ್ಲಿ ಇತ್ತು. ಅದರಿಂದ ಒಳಗೆ ಹೋಗಿ, ಪ್ಯಾಕೇಜ್ ಹಾಕುವ ಡಿಪಿಕೆಜಿಗೆ ಬಾಕಿ ಕಾನ್ಫಿಗರ್ ಮುಗಿಸಲು ಹೇಳಿ, ಮುರಿದಿದ್ದನ್ನು ಒಂದೊಂದಾಗಿ ಸರಿ ಮಾಡಿದೆ. ಸಂಜೆ ನಾಲ್ಕಕ್ಕೆ ಕೂತವನು ಎದ್ದಿದ್ದು ರಾತ್ರಿ ಒಂದೂವರೆಗೆ. ಅದರ ನಡುವೆ ಮತ್ತೆ ಎರಡು ಸಲ ಕರೆಂಟ್ ಹೋಯಿತು.

ಅಂದಿನಿಂದ ಜೂನ್, ಜುಲೈ, ಆಗಸ್ಟ್‌ನಲ್ಲಿ ಅಪ್‌ಗ್ರೇಡ್ ಕೆಲಸ ಹಿಡಿಯುವುದಿಲ್ಲ. ಬಂದವರಿಗೆ ಮಳೆ ಬಿಡಲಿ ಎನ್ನುತ್ತೇನೆ.

ಪೊನ್ನಂಪೇಟೆ ಹುಡುಗ · ಆಗಸ್ಟ್ 10

ಮೇಡಂ, ನಾನು ಮೇ ತಿಂಗಳಿಂದಲೇ ಟ್ರಿಕ್ಸಿ ಬಳಸುತ್ತಿದ್ದೇನೆ. ಆಗ ಅದು ಟೆಸ್ಟಿಂಗ್, ಅಂದರೆ ಬಿಡುಗಡೆಗೆ ಮೊದಲಿನ ಪರೀಕ್ಷೆಯ ಹಂತದಲ್ಲಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ಕರೆಂಟ್ ಚಿಂತೆ ಕಡಿಮೆ, ಒಪ್ಪುತ್ತೇನೆ.

ಆದರೆ ಒಂದು ಮಾತು. ಎಲ್ಲರೂ ಕಾಯೋಣ ಕಾಯೋಣ ಎಂದರೆ ದೋಷ ಹುಡುಕುವವರು ಯಾರು? ಯಾರಾದರೂ ಮೊದಲು ಹಾಕಿ ನೋಡಿದ್ದರಿಂದಲೇ ತಾನೇ ಅದು ಎಲ್ಲರಿಗೂ ಗಟ್ಟಿಯಾಗಿ ಸಿಗುವುದು? ಡೆಬಿಯನ್‌ನವರು ಮಾರ್ಚ್ 15ರಿಂದ ಫ್ರೀಜ್ ಶುರು ಮಾಡಿದ್ದರು. ಏಪ್ರಿಲ್‌ನಲ್ಲಿ ಸಾಫ್ಟ್ ಫ್ರೀಜ್, ಮೇನಲ್ಲಿ ಹಾರ್ಡ್ ಫ್ರೀಜ್. ಅಂದರೆ ಹೊಸ ವರ್ಷನ್ ಸೇರಿಸುವುದು ನಿಲ್ಲಿಸಿ, ಇರುವುದನ್ನು ರಿಪೇರಿ ಮಾಡುತ್ತಾ ಹೋದರು. ಆ ಐದು ತಿಂಗಳು ನಮ್ಮಂಥವರು ಹಾಕಿ ನೋಡಲಿ ಎಂದೇ ಇರುವುದು.

ಕನ್ನಡದ ವಿಷಯಕ್ಕೂ ಇದು ಮುಖ್ಯ. ಗ್ನೋಮ್ ಎನ್ನುವ ಡೆಸ್ಕ್‌ಟಾಪ್‌ನಲ್ಲಿ ಬಿಡುಗಡೆಗೆ ಮೊದಲು ಸ್ಟ್ರಿಂಗ್ ಫ್ರೀಜ್ ಇರುತ್ತದೆ. ಆಮೇಲೆ ಪರದೆಯ ಮೇಲಿನ ಪದಗಳನ್ನು ಬದಲಿಸುವುದಿಲ್ಲ. ಅನುವಾದಕರಿಗೆ ಸಿಗುವ ಸಮಯ ಅದೇ. ಆ ವಾರಗಳಲ್ಲಿ ಕನ್ನಡ ಅನುವಾದ ಆಗದಿದ್ದರೆ ಆ ಬಿಡುಗಡೆ ಇಂಗ್ಲಿಷ್‌ನಲ್ಲೇ ಹೋಗುತ್ತದೆ. ಬಿಡುಗಡೆಯಾದ ಮೇಲೆ ಕನ್ನಡ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರೆ ಏನೂ ಆಗುವುದಿಲ್ಲ.

ರಿಪೇರಿ ಅಂಗಡಿ (ಮಡಿಕೇರಿ) · ಆಗಸ್ಟ್ 11

ಮಗಾ, ನೀನು ಮಾಡುತ್ತಿರುವುದು ಒಳ್ಳೇ ಕೆಲಸ. ನಿಲ್ಲಿಸಬೇಡ. ಆದರೆ ನಿನ್ನ ಲ್ಯಾಪ್‌ಟಾಪ್ ಕೆಟ್ಟರೆ ಕೆಟ್ಟಿತು, ನೀನೊಬ್ಬ ಕೂತು ಸರಿ ಮಾಡುತ್ತೀಯ. ಶಾಲೆಯ ಲ್ಯಾಬ್ ಕೆಟ್ಟರೆ ನಾಳೆ ನಲವತ್ತು ಮಕ್ಕಳು ಬಂದು ಸುಮ್ನೆ ಕೂರಬೇಕು. ಮೊದಲು ಹಾಕಿ ನೋಡಬೇಕಾದ ಯಂತ್ರವೇ ಬೇರೆ, ಕೊನೆಗೆ ಹಾಕಬೇಕಾದ ಯಂತ್ರವೇ ಬೇರೆ.

ತೋಟದ ರೈಟರ್ (ಸಿದ್ದಾಪುರ) · ಆಗಸ್ಟ್ 12

ಮೂರು ದಿನದ ಮೇಲೆ ನೆಟ್ ಬಂತು, ಈಗ ಓದಿದೆ.

ನಾನು ಕಾಫಿ ತೋಟದಲ್ಲಿ ರೈಟರ್. ಬಟವಾಡೆ ಲೆಕ್ಕ, ಕುಯ್ಲಿನ ತೂಕ, ಗೊಬ್ಬರದ ದಾಸ್ತಾನು ಎಲ್ಲಾ ಉಬುಂಟು 22.04ರಲ್ಲಿ, ಅದೂ ಲಿನಕ್ಸೇ. ಲಿಬ್ರೆಆಫೀಸ್ ಶೀಟ್ ಸಾಕು ನನಗೆ.

ನನಗೆ ಮೊದಲಿಂದ ಒಂದು ಪ್ರಶ್ನೆ ಇತ್ತು. ಉಬುಂಟುವಿನವರು ತಿಂಗಳು ಮೊದಲೇ ಹೇಳುತ್ತಾರೆ. ಏಪ್ರಿಲ್ ಮತ್ತು ಅಕ್ಟೋಬರ್, ಅದೂ ಗುರುವಾರ. ವರ್ಷನ್ ನಂಬರಿನಲ್ಲೇ ವರ್ಷ, ತಿಂಗಳು ಇರುತ್ತದೆ. 24.04 ಅಂದರೆ 2024ರ ಏಪ್ರಿಲ್. 2004ರ ಅಕ್ಟೋಬರ್‌ನಲ್ಲಿ ಬಂದ ಮೊದಲನೆಯದಕ್ಕೂ 4.10 ಅಂತಲೇ ಹೆಸರು. ಡೆಬಿಯನ್‌ನವರು ಮಾತ್ರ ತಯಾರಾದಾಗ ಕೊಡುತ್ತೇವೆ ಎನ್ನುತ್ತಾರೆ. ಇದರಲ್ಲಿ ಯಾವುದು ಸರಿ?

ತೋಟದವನಾಗಿ ನನಗೆ ಡೆಬಿಯನ್ ದಾರಿ ಅರ್ಥವಾಗುತ್ತದೆ. ಕಾಫಿ ಹಣ್ಣಾಗದೆ ಕುಯ್ಯುವುದಿಲ್ಲ. ಹಸಿರು ಕಾಯಿ ಕುಯ್ದರೆ ಕಪ್ಪಿನಲ್ಲಿ ಗೊತ್ತಾಗುತ್ತದೆ. ಆದರೆ ಕುಯ್ಲಿಗೆ ಆಳು ಬೇಕು, ಕಣ ಖಾಲಿ ಇರಬೇಕು. ಯಾವತ್ತು ಅಂತ ಗೊತ್ತಿಲ್ಲದಿದ್ದರೆ ತಯಾರಿ ಹೇಗೆ?

ಹೊಳೆದಂಡೆ (ಕುಶಾಲನಗರ, ಈಗ ಬೆಂಗಳೂರು) · ಆಗಸ್ಟ್ 12

ಅಣ್ಣ, ಒಳ್ಳೇ ಪ್ರಶ್ನೆ. ನಾನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ದಿನಾ ಇದೇ ಯೋಚನೆ.

ಡೆಬಿಯನ್‌ನವರು ತೀರಾ ಹೇಳದೆ ಬರುವುದಿಲ್ಲ. ಫ್ರೀಜ್ ತಾರೀಖುಗಳನ್ನು ತಿಂಗಳುಗಟ್ಟಲೆ ಮೊದಲೇ ಹಾಕುತ್ತಾರೆ. ಕೊನೆಗೆ ಬಿಡುಗಡೆಯ ಶನಿವಾರವನ್ನೂ ಕೆಲವು ವಾರ ಮೊದಲು ಹೇಳುತ್ತಾರೆ. ಹಿಂದೆ ಹೀಗಿರಲಿಲ್ಲ. 2002ರ ಜುಲೈನಲ್ಲಿ ವುಡಿ ಎನ್ನುವ ಡೆಬಿಯನ್ ಬಂತು. ಮುಂದಿನದು, ಸಾರ್ಜ್, ಬಂದದ್ದು 2005ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ಅಷ್ಟು ಕಾದು ಜನರಿಗೆ ಸಾಕಾಗಿತ್ತು. ಈಗ ನೋಡಿ: 2019 ಜುಲೈ, 2021 ಆಗಸ್ಟ್, 2023 ಜೂನ್, 2025 ಆಗಸ್ಟ್. ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಲ್ಲಿ, ಜೂನ್‌ನಿಂದ ಆಗಸ್ಟ್ ಒಳಗೆ.

ಈಗ ಕೊಡಗಿನ ಕಣ್ಣಲ್ಲಿ ನೋಡಿ. ನಾಲ್ಕೂ ನಮ್ಮ ಮಳೆಗಾಲದಲ್ಲೇ ಬಂದಿವೆ!

ಉಬುಂಟು ತಾರೀಖು ತಪ್ಪಿಸುವುದು ಕಡಿಮೆ. ಒಂದೇ ಒಂದು ಸಲ ಹೆಸರೇ ಬದಲಾಗುವಷ್ಟು ತಡವಾಗಿತ್ತು. 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಜೂನ್ 1ಕ್ಕೆ ಬಂತು. ಅದಕ್ಕೇ ಅದು 6.06. ಅದು ಅವರ ಮೊದಲ ಎಲ್‌ಟಿಎಸ್. ಐದು ವರ್ಷ ಸರ್ವರ್‌ಗಳಲ್ಲಿ ಇರಬೇಕಾದದ್ದು, ಆರು ವಾರ ಜಾಸ್ತಿ ತೆಗೆದುಕೊಂಡರು. ನನಗೆ ಅದು ಸರಿ ಅನಿಸುತ್ತದೆ.

ಫೆಡೋರಾ ಎನ್ನುವ ಇನ್ನೊಂದು ಲಿನಕ್ಸ್‌ನವರದ್ದು ಮಧ್ಯದ ದಾರಿ. ತಾರೀಖು ಹೇಳುತ್ತಾರೆ. ಬಿಡುಗಡೆಗೆ ಮೊದಲು ಎಲ್ಲರಿಗೂ ಕಾಣುವಂತೆ ಸಭೆ ಮಾಡುತ್ತಾರೆ. ತಡೆಯುವಂಥ ದೋಷ ಉಳಿದಿದ್ದರೆ ಮುಂದಕ್ಕೆ ಹಾಕುತ್ತಾರೆ. 2022ರಲ್ಲಿ ಫೆಡೋರಾ 37 ತಯಾರಾಗಿತ್ತು. ಅಷ್ಟರಲ್ಲಿ ಓಪನ್‌ಎಸ್‌ಎಸ್‌ಎಲ್ ಎನ್ನುವ ಗೂಢಲಿಪಿ ಸಾಫ್ಟ್‌ವೇರ್‌ನಲ್ಲಿ ದೊಡ್ಡ ತೂತು ಇದೆ, ನವೆಂಬರ್ 1ಕ್ಕೆ ವಿವರ ಹೇಳುತ್ತೇವೆ ಎಂದು ಸುದ್ದಿ ಬಂತು. ಆ ವಿವರ ಬರುವವರೆಗೆ ಬಿಡುಗಡೆ ನಿಲ್ಲಿಸಿ, ಸರಿ ಮಾಡಿ, ನವೆಂಬರ್ 15ಕ್ಕೆ ಕೊಟ್ಟರು.

ಹೋಂಸ್ಟೇ (ಕಕ್ಕಬ್ಬೆ) · ಆಗಸ್ಟ್ 13

ತಾರೀಖಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಕಲಿತವಳಲ್ಲ. ಬುಕಿಂಗ್‌ಗೆ ಲಿನಕ್ಸ್ ಮಿಂಟ್ ಬಳಸುತ್ತೇನೆ ಅಷ್ಟೇ.

ಹುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ ದಿನ, ಗಳಿಗೆ ಗೊತ್ತು ಮಾಡುವುದು ನಮ್ಮ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಬಹಳ ದಿನ ಮೊದಲೇ ಊರಿಗೆಲ್ಲ ತಿಳಿಯುತ್ತದೆ. ಆ ರಾತ್ರಿ ಮೊದಲು ದೇವಸ್ಥಾನದಲ್ಲಿ ಕದಿರು ತೆಗೆಯುತ್ತಾರೆ. ಊರಿನವರ ಗಳಿಗೆ ಅದಾದ ಮೇಲೆ. ಎಲ್ಲರಿಗೂ ಒಂದೇ ಗಳಿಗೆ ಅಲ್ಲ. ಆದರೆ ಯಾರ ಸರದಿ ಯಾವಾಗ ಅಂತ ಎಲ್ಲರಿಗೂ ಮೊದಲೇ ಗೊತ್ತು. ಬೆಂಗಳೂರು, ಮೈಸೂರಿನಲ್ಲಿ ಇರುವ ಮಕ್ಕಳು ಅದನ್ನು ನೋಡಿ ರಜೆ ಹಾಕುತ್ತಾರೆ.

ಇಲ್ಲೂ ಹಾಗೆ ಮಾಡಬಾರದಾ ಅಂತ ನನ್ನ ಯೋಚನೆ.

ಹೊಳೆದಂಡೆ (ಕುಶಾಲನಗರ, ಈಗ ಬೆಂಗಳೂರು) · ಆಗಸ್ಟ್ 13

ಅಕ್ಕ, ಹಾಗೇ ಮಾಡುತ್ತಾರೆ. ಉಬುಂಟುವಿನ ಎಲ್‌ಟಿಎಸ್ ಏಪ್ರಿಲ್‌ನಲ್ಲಿ ಬರುತ್ತದೆ. ಆದರೆ ಹಳೇ ಎಲ್‌ಟಿಎಸ್‌ನಲ್ಲಿ ಇರುವವರಿಗೆ ಹೊಸದು ಬಂದಿದೆ ಅಂತ ಪರದೆ ಮೇಲೆ ಬರುವುದು ಮೊದಲ ಪಾಯಿಂಟ್ ಬಿಡುಗಡೆ (ದೋಷ ಸರಿ ಮಾಡಿದ ಕಂತು) ಆದ ಮೇಲೆ. ಅಂದರೆ 24.04.1 ಬಂದ ಮೇಲೆ. ಅಷ್ಟರಲ್ಲಿ ಮೊದಲು ಹಾಕಿದವರಿಗೆ ಸಿಕ್ಕ ದೋಷಗಳು ಸರಿಯಾಗಿರುತ್ತವೆ. ಸಣ್ಣ ಅಪ್‌ಡೇಟ್‌ಗಳನ್ನೂ ಒಂದೇ ದಿನ ಎಲ್ಲರಿಗೂ ಬಿಡುವುದಿಲ್ಲ. ಮೊದಲು ಕೆಲವರಿಗೆ, ತೊಂದರೆ ಕಾಣದಿದ್ದರೆ ಉಳಿದವರಿಗೆ.

ರಿಪೇರಿ ಅಂಗಡಿ (ಮಡಿಕೇರಿ) · ಆಗಸ್ಟ್ 13

ಆ 24.04.1ರ ಕಥೆ ನೆನಪಿದೆ. 2024ರ ಆಗಸ್ಟ್ 15ಕ್ಕೆ ಬರಬೇಕಿತ್ತು. ಅಪ್‌ಗ್ರೇಡ್‌ನಲ್ಲೇ ದೋಷ ಕಂಡು 29ಕ್ಕೆ ಹೋಯಿತು. ಬಂದ ಮೇಲೂ 22.04ರಿಂದ ಹೋಗುವ ದಾರಿಯನ್ನು ಕೆಲವು ದಿನ ಮುಚ್ಚಿದರು, ಇನ್ನೊಂದು ದೋಷ ಸಿಕ್ಕಿತು ಅಂತ. ಆಗ ಮೂರು ಜನ ಅಂಗಡಿಗೆ ಬಂದು, ನಮ್ಮ ಕಂಪ್ಯೂಟರಿಗೆ ಯಾಕೆ ತೋರಿಸುತ್ತಿಲ್ಲ, ಬಲವಂತವಾಗಿ ಹಾಕಿಕೊಡಿ ಎಂದರು. ಹಾಕಿಕೊಡಲಿಲ್ಲ. ಅವರೇ ಬೇಡ ಎಂದು ಬಾಗಿಲು ಮುಚ್ಚಿರುವಾಗ ಕಿಟಕಿಯಿಂದ ನುಗ್ಗಬಾರದು.

ರೈಟರ್ ಅಣ್ಣ, ನಿಮ್ಮ 22.04ಕ್ಕೆ 2027ರವರೆಗೆ ಟೈಮ್ ಇದೆ. ಕುಯ್ಲು ಮುಗಿಸಿಯೇ ಯೋಚನೆ ಮಾಡಿ.

ತೋಟದ ರೈಟರ್ (ಸಿದ್ದಾಪುರ) · ಆಗಸ್ಟ್ 14

ಅದೇ ನಾನೂ ಅಂದುಕೊಂಡೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಒಂದು ಮೌಸ್ ಕೂಡ ಬದಲಿಸುವುದಿಲ್ಲ. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ವಾರ ವಾರ ಬಟವಾಡೆ. ಆ ಶನಿವಾರ ಶೀಟ್ ತೆರೆಯದಿದ್ದರೆ ಲೈನ್‌ಮನೆಯವರಿಗೆ ಸಂತೆಗೆ ಹೋಗಲು ಕೈಯಲ್ಲಿ ದುಡ್ಡಿರುವುದಿಲ್ಲ. ಕಂಪ್ಯೂಟರ್ ಕೆಟ್ಟಿತು ಅಂತ ಅವರಿಗೆ ಹೇಗೆ ಹೇಳಲಿ?

ಹೂಮಳೆ ಬರುವ ಹೊತ್ತಿಗೆ ಗುಡುಗು ಸಿಡಿಲು. ಆಗ ಪ್ಲಗ್ಗೇ ತೆಗೆದಿಡುತ್ತೇನೆ. ಜೂನ್‌ನಿಂದ ಮಳೆ. ಹಾಗಾದರೆ ವರ್ಷದಲ್ಲಿ ಉಳಿಯುವುದು ಎಷ್ಟು? ಕಾವೇರಿ ಸಂಕ್ರಮಣ ಕಳೆದ ಮೇಲೆ, ಕುಯ್ಲು ಶುರುವಾಗುವ ಮೊದಲು. ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ನಾಲ್ಕೇ ನಾಲ್ಕು ವಾರ.

ಲ್ಯಾಬ್ ಟೀಚರ್ (ಸೋಮವಾರಪೇಟೆ) · ಆಗಸ್ಟ್ 14

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನಸ್ಸು ಹಗುರವಾಯಿತು. ಕರೆಂಟ್ ನಿನ್ನೆ ಬಂತು. ಹನ್ನೊಂದಕ್ಕೂ 12ರ ಅಪ್‌ಡೇಟ್ ಮಾಡಿದೆ.

ದಸರಾ ರಜೆಯಲ್ಲಿ 13 ಹಾಕೋಣ ಅಂದುಕೊಂಡಿದ್ದೇನೆ. ಅಷ್ಟರೊಳಗೆ ಏನು ತಯಾರಿ ಮಾಡಿಕೊಳ್ಳಬೇಕು? ಶಾಲೆಯ ನೆಟ್ ನಿಧಾನ. ಹನ್ನೊಂದು ಸಲ ಡೌನ್‌ಲೋಡ್ ಮಾಡಿದರೆ ತಿಂಗಳು ಬೇಕು.

ಹೊಳೆದಂಡೆ (ಕುಶಾಲನಗರ, ಈಗ ಬೆಂಗಳೂರು) · ಆಗಸ್ಟ್ 15

ಟೀಚರ್, ಇವತ್ತು ರಜೆ, ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಆ ಮೂರು 32 ಬಿಟ್ ಕಂಪ್ಯೂಟರ್ ನೋಡಿ. 32 ಬಿಟ್ ಡೆಬಿಯನ್ ಹಾಕಿದ್ದೀರಿ ಅಂದ ಮಾತ್ರಕ್ಕೆ ಪ್ರೊಸೆಸರ್ ಕೂಡ 32 ಬಿಟ್ ಅಂತ ಅಲ್ಲ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಕೊಟ್ಟು ನೋಡಿ. ಆಪ್ ಮೋಡ್ ಎನ್ನುವ ಸಾಲಿನಲ್ಲಿ 32 ಮತ್ತು 64 ಎರಡೂ ಇದ್ದರೆ ಬಚಾವ್. ಕೋರ್ 2 ಡ್ಯೂಯೊ ಕಾಲದವೂ 64 ಬಿಟ್ಟೇ. ಅಂಥದ್ದನ್ನು ಅಪ್‌ಗ್ರೇಡ್ ಮಾಡಲು ಹೋಗಬೇಡಿ. ಮಕ್ಕಳ ಕಡತ ಪೆನ್‌ಡ್ರೈವ್‌ಗೆ ತೆಗೆದು, 64 ಬಿಟ್‌ನ 13ನ್ನು ಹೊಸದಾಗಿ ಹಾಕಿ. ನಿಜವಾಗಿ 32 ಬಿಟ್ ಇದ್ದರೆ ಸದ್ಯಕ್ಕೆ 12ರಲ್ಲೇ ಇರಲಿ.

ಎರಡನೆಯದು, ಪ್ಯಾಕೇಜ್ ತರುವ ಎಪಿಟಿಯ ಸೋರ್ಸ್ ಕಡತ ತೆರೆದು ನೋಡಿ. ಅದರಲ್ಲಿ ಬುಕ್‌ವರ್ಮ್ (12ರ ಹೆಸರು) ಎಂದಿದೆಯಾ, ಸ್ಟೇಬಲ್ (ಸದ್ಯದ ಬಿಡುಗಡೆ ಯಾವುದೋ ಅದು) ಎಂದಿದೆಯಾ? ಇದು ದೊಡ್ಡ ವಿಷಯ. ಬುಕ್‌ವರ್ಮ್ ಎಂದಿದ್ದರೆ ನೀವು ಬದಲಿಸುವವರೆಗೆ 12ರಲ್ಲೇ ಇರುತ್ತೀರಿ. ಸ್ಟೇಬಲ್ ಎಂದಿದ್ದರೆ ಆಗಸ್ಟ್ 9ರಿಂದ ಅದರ ಅರ್ಥವೇ ಬದಲಾಗಿದೆ, ಈಗ ಸ್ಟೇಬಲ್ ಅಂದರೆ ಟ್ರಿಕ್ಸಿ. ಎಪಿಟಿ ಅಪ್‌ಡೇಟ್ ಕೊಟ್ಟಾಗ ಹೆಸರು ಬದಲಾಗಿದೆ, ಒಪ್ಪುತ್ತೀರಾ ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಎಂದುಬಿಟ್ಟರೆ ಅರಿವಿಲ್ಲದೆ ಅಪ್‌ಗ್ರೇಡ್ ದಾರಿಗೆ ಬಿದ್ದಿರಿ. ಘೋಷಣೆಯ ದಿನವೇ ನಿಮ್ಮ ಅಪ್‌ಗ್ರೇಡ್ ದಿನ ಆಗಬಾರದು ಎಂದರೆ ಬುಕ್‌ವರ್ಮ್ ಅಂತ ಹೆಸರು ಬರೆದಿಡಿ.

ಡೌನ್‌ಲೋಡ್‌ಗೆ ಒಂದು ಒಳ್ಳೇ ಉಪಾಯ ಇದೆ. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಎಪಿಟಿ ಕ್ಯಾಚರ್ ಎನ್‌ಜಿ ಹಾಕಿ. ಉಳಿದವು ಅದರ ಮೂಲಕ ಪ್ಯಾಕೇಜ್ ಕೇಳುತ್ತವೆ. ಮೊದಲನೆಯದು ಹೊರಗಿನಿಂದ ತಂದದ್ದು ಅಲ್ಲೇ ಉಳಿಯುತ್ತದೆ. ಮಿಕ್ಕವಕ್ಕೆ ಲ್ಯಾಬ್ ಒಳಗಿನಿಂದಲೇ ಸಿಗುತ್ತದೆ. ಒಂದು ಸಲದ ಡೇಟಾ ಸಾಕು.

ಕರೆಂಟ್‌ಗೆ ಇನ್ನೊಂದು. ಪ್ಯಾಕೇಜ್ ತರುವುದು ಮತ್ತು ಹಾಕುವುದನ್ನು ಬೇರೆ ಬೇರೆ ದಿನ ಮಾಡಿ. ಫುಲ್ ಅಪ್‌ಗ್ರೇಡ್ ಆಜ್ಞೆಗೆ ಡೌನ್‌ಲೋಡ್ ಓನ್ಲಿ ಸೇರಿಸಿದರೆ ಎಲ್ಲವನ್ನೂ ತಂದು ಇಟ್ಟುಕೊಂಡು ನಿಲ್ಲುತ್ತದೆ. ತರುವಾಗ ಕರೆಂಟ್ ಹೋದರೆ ಏನೂ ನಷ್ಟ ಇಲ್ಲ, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಅಪಾಯ ಇರುವುದು ಹಾಕುವ ಹೊತ್ತಿನಲ್ಲಿ ಮಾತ್ರ. ಆ ಒಂದು ಗಂಟೆಗೆ ಇನ್ವರ್ಟರ್ ಅಥವಾ ಜನರೇಟರ್ ಹೊಂದಿಸಿಕೊಳ್ಳಿ.

ಹಾಕುವಾಗಲೂ ಎರಡು ಹೆಜ್ಜೆ. ಮೊದಲು ಹೊಸ ಪ್ಯಾಕೇಜ್ ಸೇರಿಸದೆ ಇರುವುದನ್ನು ಮಾತ್ರ ಏರಿಸುವುದು. ಆಮೇಲೆ ಫುಲ್ ಅಪ್‌ಗ್ರೇಡ್. ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ಘೋಷಣೆಯನ್ನು ಎಲ್ಲರೂ ಓದುತ್ತಾರೆ, ಟಿಪ್ಪಣಿಯನ್ನು ಓದುವವರು ಕಡಿಮೆ. ದಯವಿಟ್ಟು ಓದಿ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಅಪ್‌ಗ್ರೇಡ್ ಮಾಡುವವರು ಮೊದಲು 12ರ ಅಪ್‌ಡೇಟ್ ಎಲ್ಲಾ ಮುಗಿಸಿರಬೇಕು, ಇಲ್ಲದಿದ್ದರೆ ಮಧ್ಯದಲ್ಲಿ ಸಂಪರ್ಕ ತಪ್ಪಿದರೆ ಮತ್ತೆ ಒಳಗೆ ಹೋಗಲು ಆಗದಿರಬಹುದು ಎಂದು ಅದರಲ್ಲಿದೆ. ಇದು ಘೋಷಣೆಯಲ್ಲಿ ಸಿಗುವ ಮಾತಲ್ಲ. ಮತ್ತೆ, 11ರಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ: 11ರಿಂದ ನೇರ 13ಕ್ಕೆ ಹಾರುವಂತಿಲ್ಲ. 12ರ ಮೂಲಕವೇ ಬರಬೇಕು.

ಪೊನ್ನಂಪೇಟೆ ಹುಡುಗ · ಆಗಸ್ಟ್ 15

ಮೇಡಂ, ಹೊಸದಾಗಿ ಹಾಕುವ ಕಂಪ್ಯೂಟರಿಗೆ ಗ್ರಾಫಿಕಲ್ ಇನ್‌ಸ್ಟಾಲರ್ ತೆಗೆದುಕೊಳ್ಳಿ. ಅದರಲ್ಲಿ ಭಾಷೆ ಆರಿಸುವಾಗ ಕನ್ನಡ ಇದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಇಮೇಜ್ (ಇನ್‌ಸ್ಟಾಲರ್ ಕಡತ) ಇಳಿಸಿದ ಮೇಲೆ ಚೆಕ್‌ಸಮ್, ಅಂದರೆ ಕಡತ ಅಸಲಿಯಾ ಎಂದು ತಾಳೆ ಹಾಕುವ ಸಂಖ್ಯೆ ನೋಡುವುದು ಮರೆಯಬೇಡಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ಕಳ್ಳರು ನುಗ್ಗಿ, ಹಿಂಬಾಗಿಲು ಇರುವ ಇಮೇಜ್ ಇಟ್ಟಿದ್ದರು. ಹೊಸದು ಬಂದ ದಿನದ ಅವಸರದಲ್ಲಿ ಸಿಕ್ಕ ಲಿಂಕ್ ಒತ್ತಬಾರದು.

ಹೋಂಸ್ಟೇ (ಕಕ್ಕಬ್ಬೆ) · ಆಗಸ್ಟ್ 16

ಅಯ್ಯೋ, ನಾನು ಬಳಸುವುದು ಅದೇ ಮಿಂಟ್. ಈಗಲೂ ಹಾಗಿದೆಯಾ?

ರಿಪೇರಿ ಅಂಗಡಿ (ಮಡಿಕೇರಿ) · ಆಗಸ್ಟ್ 16

ಇಲ್ಲ ಅಕ್ಕ, ಹೆದರಬೇಡಿ. ಗೊತ್ತಾದ ಕೂಡಲೇ ಅವರೇ ಎಲ್ಲರಿಗೂ ಹೇಳಿ, ತಾಣವನ್ನೇ ಮುಚ್ಚಿ ಸರಿ ಮಾಡಿದರು. ಮುಚ್ಚಿಟ್ಟುಕೊಳ್ಳಲಿಲ್ಲ. ನಿಮ್ಮದರಲ್ಲಿ ಟೈಮ್‌ಶಿಫ್ಟ್ ಇದೆ. ವಾರಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಿ. ಕೆಟ್ಟರೆ ಹಿಂದಿನ ವಾರಕ್ಕೆ ಮರಳಬಹುದು. ಆದರೆ ಅದು ಸಿಸ್ಟಂ ಕಡತಗಳಿಗೆ. ಬುಕಿಂಗ್ ಶೀಟ್, ಫೋಟೊ ಇದ್ದರೆ ಬೇರೆ ಡ್ರೈವ್‌ಗೆ ಕಾಪಿ ಮಾಡಿ.

ತೋಟದ ರೈಟರ್ (ಸಿದ್ದಾಪುರ) · ಸೆಪ್ಟೆಂಬರ್ 7

ನಿನ್ನೆ 13.1 ಬಂದಿದೆ, ಟೀಚರ್ ಗಮನಿಸಿದ್ರಾ? ಬಿಡುಗಡೆಯಾಗಿ ನಾಲ್ಕು ವಾರಕ್ಕೆ ಮೊದಲ ರಿಪೇರಿ ಕಂತು. ಕಾದದ್ದು ಒಳ್ಳೆಯದೇ ಆಯಿತು.

ಪೊನ್ನಂಪೇಟೆಯ ಹುಡುಗನ ಮಾತನ್ನು ನಾನು ಬಹಳ ಯೋಚನೆ ಮಾಡಿದೆ. ಎಲ್ಲರೂ ಕಾದರೆ ಯಾರು ನೋಡುತ್ತಾರೆ ಅಂದನಲ್ಲ. ಆಫೀಸಿನ ಮೂಲೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಉಬುಂಟು 24.04 ಹಾಕಿ, ನಮ್ಮ ಬಟವಾಡೆ ಶೀಟಿನ ಕಾಪಿ ತೆರೆದು ನೋಡುತ್ತಿದ್ದೇನೆ. ಪ್ರಿಂಟ್ ತೆಗೆದಾಗ ಕನ್ನಡದ ಒತ್ತಕ್ಷರ ಸರಿ ಬರುತ್ತದಾ, ಲೆಕ್ಕ ಸರಿ ಕೂಡುತ್ತದಾ ಅಂತ. ಇಷ್ಟನ್ನು ನಾನೂ ಮಾಡಬಹುದು ಅನಿಸಿತು.

ಪೊನ್ನಂಪೇಟೆ ಹುಡುಗ · ಸೆಪ್ಟೆಂಬರ್ 7

ಥ್ಯಾಂಕ್ಸ್ ಅಂಕಲ್. ಏನಾದರೂ ಸಿಕ್ಕರೆ ಹೇಳಿ. ಬಗ್ ರಿಪೋರ್ಟ್ ನಾನು ಬರೆದು ಕಳಿಸುತ್ತೇನೆ.

ಕಳೆದ ವರ್ಷದ್ದು ನೆನಪಾಯಿತು. 2024ರ ಮಾರ್ಚ್ 29ರಂದು ಎಕ್ಸ್‌ಜೆಡ್ ಎನ್ನುವ ಕಡತ ಕುಗ್ಗಿಸುವ ಸಾಫ್ಟ್‌ವೇರಿನಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅದು ಗೊತ್ತಾದದ್ದು ಆಂಡ್ರೆಸ್ ಫ್ರಾಯ್ಂಡ್ ಎನ್ನುವ ಒಬ್ಬರಿಂದ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆ ಯಾಕೆ ಅಂತ ಬೆನ್ನು ಹತ್ತಿದರು. ಅವರು ಓಡಿಸುತ್ತಿದ್ದದ್ದು ಇನ್ನೂ ಬಿಡುಗಡೆಯಾಗದ ಡೆಬಿಯನ್. ಅದಕ್ಕೇ ಅದು ಡೆಬಿಯನ್ ಸ್ಟೇಬಲ್‌ಗೆ ಬರುವ ಮೊದಲೇ ಸಿಕ್ಕಿಬಿತ್ತು. ಉಬುಂಟು 24.04ರ ಬೀಟಾವನ್ನು ಏಪ್ರಿಲ್ 4ರಿಂದ 11ಕ್ಕೆ ಹಾಕಿ, ಅನುಮಾನ ಇದ್ದ ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಕಟ್ಟಿದರು. ಆಮೇಲೂ ಏಪ್ರಿಲ್ 25ಕ್ಕೆ, ಹೇಳಿದ ದಿನವೇ ಬಿಡುಗಡೆ ಮಾಡಿದರು.

ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಕಾಯುವವರು ಸೇಫ್ ಆಗಿರುವುದು ಮುಂದೆ ಹೋದವರು ಕಣ್ಣು ತೆರೆದು ಹೋದದ್ದರಿಂದ.

ಹೊಳೆದಂಡೆ (ಕುಶಾಲನಗರ, ಈಗ ಬೆಂಗಳೂರು) · ಸೆಪ್ಟೆಂಬರ್ 8

ನಿನ್ನ ಮಾತು ಸರಿ. ಆಗಸ್ಟ್‌ನಲ್ಲಿ ನಾನು ಕಾಯುವವರ ಪರವೇ ಜಾಸ್ತಿ ಮಾತಾಡಿದೆ.

ಲ್ಯಾಬ್ ಟೀಚರ್ (ಸೋಮವಾರಪೇಟೆ) · ಅಕ್ಟೋಬರ್ 12

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ದಸರಾ ರಜೆಯಲ್ಲಿ ಮಾಡುತ್ತೇನೆ ಅಂದಿದ್ದೆ. ಆಗಲಿಲ್ಲ. ರಜೆಯಲ್ಲಿ ಮನೆ ಮನೆಗೆ ಸಮೀಕ್ಷೆಯ ಕೆಲಸಕ್ಕೆ ಹೋಗಬೇಕಾಯಿತು. ರಜೆಯನ್ನು 18ರವರೆಗೆ ಮುಂದುವರಿಸಿದ್ದಾರೆ, ಆದರೆ ನಮಗೆ ಅದು ರಜೆ ಅಲ್ಲ. ಎಸ್ಟೇಟ್ ರಸ್ತೆಗಳಲ್ಲಿ ನಡೆದು ಕಾಲು ಊದಿಕೊಂಡಿದೆ.

ಒಂದು ಕೆಲಸ ಮಾಡಿದ್ದೇನೆ. ಆ ಮೂರು ಕಂಪ್ಯೂಟರ್ ನೋಡಿದೆ. ಎರಡರಲ್ಲಿ 64 ಬಿಟ್ ಪ್ರೊಸೆಸರ್ ಇದೆ! ಒಂದು ಮಾತ್ರ ನಿಜವಾದ 32 ಬಿಟ್. ಸೋರ್ಸ್ ಕಡತವನ್ನೂ ನೋಡಿದೆ. ನಾಲ್ಕರಲ್ಲಿ ಸ್ಟೇಬಲ್ ಅಂತಲೇ ಇತ್ತು. ಬದಲಿಸಿದೆ. ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ನನ್ನ ತಂಗಿಯ ಕಂಪ್ಯೂಟರ್ ವಿಷಯವೂ ಕೇಳಬೇಕಿತ್ತು. ವಿಂಡೋಸ್ 10ಕ್ಕೆ ಇದೇ 14ಕ್ಕೆ ಬೆಂಬಲ ನಿಲ್ಲುತ್ತದೆ. ಉಬುಂಟು 25.10 ಮೊನ್ನೆ 9ಕ್ಕೆ ಬಂತು. ಅದನ್ನೇ ಹಾಕಿಬಿಡಲಾ?

ರಿಪೇರಿ ಅಂಗಡಿ (ಮಡಿಕೇರಿ) · ಅಕ್ಟೋಬರ್ 12

ಅದು ಬೇಡ ಟೀಚರ್. 25.10ಕ್ಕೆ ಒಂಬತ್ತೇ ತಿಂಗಳು ಬೆಂಬಲ. ಬರುವ ಜುಲೈಗೆ ಮುಗಿಯುತ್ತದೆ. ಮತ್ತೆ ಮಳೆಯ ಮಧ್ಯೆ ಅಪ್‌ಗ್ರೇಡ್! 24.04 ಹಾಕಿ, 2029ರವರೆಗೆ ಯೋಚನೆ ಇಲ್ಲ. ಹೊಸದಾಗಿ ಬರುವವರಿಗೆ ನಾನು ಯಾವಾಗಲೂ ಎಲ್‌ಟಿಎಸ್ ಅಥವಾ ಮಿಂಟ್ ಕೊಡುತ್ತೇನೆ.

ಅಂಗಡಿಯಲ್ಲಿ ಈ ವಾರ ವಿಂಡೋಸ್ 10ರವರದ್ದೇ ಸಾಲು. ಕೊನೆಯ ದಿನ ನೋಡಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ಆ ದಿನ ಗೊತ್ತಾಗಿ ವರ್ಷಗಳೇ ಆಗಿದ್ದವು.

ಹೊಳೆದಂಡೆ (ಕುಶಾಲನಗರ, ಈಗ ಬೆಂಗಳೂರು) · ಅಕ್ಟೋಬರ್ 24

25.10 ಹಾಕಿದವರು ಇಲ್ಲಿ ಯಾರಾದರೂ ಇದ್ದರೆ ಗಮನಿಸಿ. ಅದರಲ್ಲಿ ಹೊಸದಾಗಿ ರಸ್ಟ್ ಭಾಷೆಯಲ್ಲಿ ಬರೆದ ಕೋರ್‌ಯುಟಿಲ್ಸ್ (ದಿನಬಳಕೆಯ ಮೂಲ ಆಜ್ಞೆಗಳ ಕಟ್ಟು) ಇದೆ. ಅದರ ಡೇಟ್ ಆಜ್ಞೆಯಲ್ಲಿ ದೋಷ ಇತ್ತು. ಅದರಿಂದ ತಾನಾಗಿಯೇ ಅಪ್‌ಡೇಟ್ ಇದೆಯಾ ಎಂದು ನೋಡುವುದು ನಿಂತುಹೋಗಿತ್ತು. ಸರಿ ಮಾಡಿದ್ದಾರೆ. ಆದರೆ ಆ ಸರಿ ಮಾಡಿದ್ದು ತಾನಾಗಿ ಬರದಿರಬಹುದು. ಒಂದು ಸಲ ಕೈಯಿಂದಲೇ ಅಪ್‌ಡೇಟ್ ಕೊಡಿ. ಇಂಥ ಬದಲಾವಣೆಯನ್ನು ಎಲ್‌ಟಿಎಸ್‌ಗೆ ಮೊದಲೇ, ಮಧ್ಯದ ಬಿಡುಗಡೆಯಲ್ಲಿ ತಂದು ನೋಡಿದ್ದು ಒಳ್ಳೇ ನಿರ್ಧಾರ.

ಲ್ಯಾಬ್ ಟೀಚರ್ (ಸೋಮವಾರಪೇಟೆ) · ಅಕ್ಟೋಬರ್ 26

ಆಯಿತು! ನಿನ್ನೆ, ಇವತ್ತು ಎರಡು ದಿನ ಕೂತು ಮಾಡಿದೆವು.

ಶುಕ್ರವಾರ ಸಂಜೆ ಒಂದು ಕಂಪ್ಯೂಟರಿನಲ್ಲಿ ಕ್ಯಾಚರ್ ಹಾಕಿ, ಪ್ಯಾಕೇಜ್ ಇಳಿಸಲು ಬಿಟ್ಟು ಮನೆಗೆ ಹೋದೆ. ರಾತ್ರಿ ಎರಡು ಸಲ ಕರೆಂಟ್ ಹೋಗಿ ಬಂದಿದೆ ಅಂತ ವಾಚ್‌ಮನ್ ಹೇಳಿದರು. ಬೆಳಿಗ್ಗೆ ಮತ್ತೆ ಆಜ್ಞೆ ಕೊಟ್ಟೆ, ಉಳಿದದ್ದಷ್ಟೇ ಇಳಿಯಿತು. ಏನೂ ಹಾಳಾಗಲಿಲ್ಲ.

ಹಾಕುವ ಹೊತ್ತಿಗೆ ಪಕ್ಕದ ಮನೆಯವರು ಜನರೇಟರ್ ಕೊಟ್ಟರು. ಮದುವೆ ಮನೆಗೆ ಅಂತ ತಂದಿಟ್ಟಿದ್ದಂತೆ. ಶನಿವಾರ ಮೊದಲು ಒಂದೇ ಒಂದು ಕಂಪ್ಯೂಟರಿಗೆ ಹಾಕಿದೆವು. ಎಲ್ಲಾ ತೆರೆದು ನೋಡಿದೆವು. ಕನ್ನಡ ಕೀಲಿಮಣೆ, ಪ್ರಿಂಟರ್, ಮಕ್ಕಳ ಜಿಯೋಜೀಬ್ರಾ ಕಡತಗಳು. ಪ್ರಿಂಟರ್ ಮಾತ್ರ ಸಿಗಲಿಲ್ಲ. ತೆಗೆದು ಮತ್ತೆ ಸೇರಿಸಿದ ಮೇಲೆ ಬಂತು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಉಳಿದ ಏಳಕ್ಕೆ ಹಾಕಿದೆವು. ಒಂದರಲ್ಲಿ ಬೂಟ್ ಜಾಗ ತುಂಬಿತ್ತು. ಹಳೇ ಕರ್ನಲ್‌ಗಳನ್ನು ತೆಗೆದ ಮೇಲೆ ಸರಿಯಾಯಿತು. ಭಾನುವಾರ ಆ ಎರಡು ಹಳೆಯದಕ್ಕೆ ಹೊಸದಾಗಿ ಹಾಕಿದೆವು. ಇನ್‌ಸ್ಟಾಲರ್ ಕನ್ನಡದಲ್ಲೇ ಮಾತಾಡಿದ್ದು ನೋಡಿ ಒಂಬತ್ತನೇ ಕ್ಲಾಸಿನ ಹುಡುಗಿ, ಮಿಸ್ ಇದನ್ನು ನಾನೇ ಮಾಡುತ್ತೇನೆ ಎಂದಳು. ಎರಡನೆಯದನ್ನು ಪೂರ್ತಿ ಅವಳೇ ಹಾಕಿದಳು. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ.

ಹನ್ನೊಂದನೆಯದು 12ರಲ್ಲೇ ಇದೆ. ಅದರ ಮೇಲೆ 2026 ಜೂನ್ ಅಂತ ಚೀಟಿ ಅಂಟಿಸಿದ್ದೇನೆ.

ತೋಟದ ರೈಟರ್ (ಸಿದ್ದಾಪುರ) · ಅಕ್ಟೋಬರ್ 27

ಓದಿ ಬಹಳ ಸಂತೋಷವಾಯಿತು ಟೀಚರ್. ಆ ಹುಡುಗಿಗೆ ನಮ್ಮೆಲ್ಲರ ಶಹಬ್ಬಾಸ್ ಹೇಳಿ.

ನನ್ನ ಮೂಲೆಯ ಲ್ಯಾಪ್‌ಟಾಪ್ ಏಳು ವಾರದಿಂದ ಸರಿಯಾಗಿ ಓಡುತ್ತಿದೆ. ಬಟವಾಡೆ ಶೀಟೂ ಸರಿ ಇದೆ. ಮುಂದಿನ ಭಾನುವಾರ ಆಫೀಸಿನದನ್ನು 24.04ಕ್ಕೆ ಏರಿಸುತ್ತೇನೆ. ಅಷ್ಟರಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ಮಾರ್ಚ್ ಕಳೆಯುವವರೆಗೆ ಕಾಯುತ್ತೇನೆ. ಇವತ್ತು ಬೆಳಿಗ್ಗೆ ಗಿಡ ನೋಡಿಕೊಂಡು ಬಂದೆ, ಇನ್ನೂ ಹಸಿರಾಗಿದೆ.